ಡಿವಿಡಿ ರೆಕಾರ್ಡರ್ ಕೊಳ್ಳುವ ಮುನ್ನ

ಊರಿನ ಮದುವೆ, ಯಕ್ಷಗಾನಗಳ ಹಳೆಯ ವಿಎಚ್‌ಎಸ್ ಟೇಪುಗಳನ್ನು ಉಳಿಸಲೆಂದು ನಾಸಿಕ್ ರೋಡಿನ ನಮ್ಮ ಹೋಟೆಲ್ ಬಂಧುಗಳು ಕೆಲವರು ಬಳಸಿದ ಡಿವಿಡಿ ರೆಕಾರ್ಡರುಗಳನ್ನು ಅರಸುತ್ತಿರುವರು. ಬೆವರಿನ ಹಣ ತೆರುವ ಮುನ್ನ ವಿಚಾರಿಸತಕ್ಕ ಸಂಗತಿಗಳುಂಟು.

ಡಿಸ್ಕುಗಳಲ್ಲಿ ಮೈನಸ್ ಆರ್, ಪ್ಲಸ್ ಆರ್ ಎಂಬ ಎರಡು ಪಂಗಡಗಳಿವೆ. ಒಂದನ್ನೇ ಬರೆಯಬಲ್ಲ ಯಂತ್ರಕ್ಕೆ ಮತ್ತೊಂದು ನಿಷ್ಪ್ರಯೋಜಕ. ‘ಆರ್’ ಡಿಸ್ಕಿನಲ್ಲಿ ಬರೆದುದು ಅಳಿಯದು. ‘ಆರ್‌ಡಬ್ಲ್ಯು’ವಿನಲ್ಲಿ ಅಳಿಸಿ ಬರೆಯಬಹುದು. 4.7 ಜಿಬಿಯ ಡಿಸ್ಕು ಸಾಧಾರಣವಾಗಿ 2 ಗಂಟೆಯ ಚಿತ್ರ ಹಿಡಿಯುವುದು. ‘ಫೈನಲೈಸ್’ ಮಾಡದಿದ್ದರೆ ಅನ್ಯ ಯಂತ್ರಗಳಲ್ಲಿ ಓಡದಿರಬಹುದು.

ಇಷ್ಟಾದರೂ ಟೇಪು ಓಡಿಸಲು ವಿಸಿಆರ್ ಬೇಕಷ್ಟೆ; ಜಪಾನಿನ ಫುನಾಯ್ ಕಂಪೆನಿಯು ಅದರ ತಯಾರಿಕೆಯನ್ನು 2016ರಲ್ಲೇ ನಿಲ್ಲಿಸಿತು. ಹಳೆಯ ಯಂತ್ರ ಕೆಟ್ಟರೆ ಬಿಡಿಭಾಗ ದುರ್ಲಭ. ಆದುದರಿಂದ ನಾಲ್ಕಾರು ಟೇಪುಗಳಿರುವವರು ಯಂತ್ರ ಕೊಳ್ಳದೆ, ನಂಬಿಕೆಯ ಸ್ಟುಡಿಯೋದಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಎರಡು ಪ್ರತಿ ಇಡುವುದೇ ಲೇಸು. ಅಗಲಿದ ಹಿರಿಯರ ದನಿ ಆ ಟೇಪುಗಳಲ್ಲಿದೆ. ಮಳೆಗಾಲದ ಬೂಷ್ಟು ಹಿಡಿಯುವ ಮುನ್ನ ಈ ಕಾರ್ಯ ಮುಗಿಯಲಿ.