ಗ್ರೈಂಡಿಂಗ್ ಮಷಿನ್‌ಗೆ ಪ್ಯಾಡ್ ಹಾಕಿದ್ರೆ ಪಾಲಿಶರ್ ಆಗಲ್ಲ ಕಣ್ರೋ

(1)

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ಆಯುಧಪೂಜೆ ಹಿಂದಿನ ದಿನ ನಾನು ಹಾಕಿದ್ದ ರೀಲು ನೆನಪಿದೆಯಾ? ಹಳೇ ಬೈಕಿನ ಟ್ಯಾಂಕು, ಅದರ ಮೇಲೆ ಬಿಳಿ ಉಣ್ಣೆ ಪ್ಯಾಡು ಗಿರ್ರನೆ ತಿರುಗ್ತಾ ಇತ್ತು, ಕೊನೇಲಿ ಟ್ಯಾಂಕಲ್ಲಿ ನಮ್ಮ ಮುಖವೇ ಕಾಣ್ತಿತ್ತು. ಕೆಳಗಡೆ ನೀವೆಲ್ಲ "ಯಾವ ಪ್ಯಾಡು ಗುರು", "ಬಾಡಿಗೆ ಎಷ್ಟು ಮಗಾ" ಅಂತ ಕೇಳಿದ್ರಿ. ನಾನೂ ದೊಡ್ಡ ಮೆಕ್ಯಾನಿಕ್ ಥರ ಒಬ್ಬೊಬ್ಬರಿಗೂ ಉತ್ತರ ಕೊಟ್ಟಿದ್ದೆ. ಆ ರೀಲನ್ನ ನಿನ್ನೆ ರಾತ್ರಿ ತೆಗೆದುಬಿಟ್ಟೆ.

ಯಾಕೆ ಅಂದ್ರೆ, ಆ ರೀಲಲ್ಲಿ ತೋರಿಸದೇ ಇದ್ದ ಭಾಗ ಒಂದಿದೆ. ಶೂಟ್ ಮುಗಿದು ಕಾಲು ಗಂಟೆ ಆದ್ಮೇಲೆ ನಡೆದದ್ದು.

ಪಿರಿಯಾಪಟ್ಟಣದ ಕಡೆ ನಮ್ಮ ಚಿಕ್ಕಮ್ಮನ ಮನೆ. ಅವರ ಮಗ ನಮ್ಮ ಕ್ಲಾಸಿನವನೇ. ಹೆಸರು ಹಾಕ್ಬೇಡ ಅಂದಿದಾನೆ, ಹಾಕಲ್ಲ. ಬೈಕಿನ ಒಂದು ಸೈಡ್ ಆಗಿತ್ತು, ಇನ್ನೊಂದು ಸೈಡ್ ಶುರು ಮಾಡೋವಾಗ ಕರೆಂಟ್ ಹೋಯ್ತು. ನಮ್ಮೂರಲ್ಲಿ ಇದೇನು ಹೊಸದಲ್ಲ. ಮಷಿನ್ ಜಗಲಿ ಮೇಲಿಟ್ಟು ಕಾಫಿ ಕುಡಿಯೋಕೆ ಒಳಗೆ ಹೋದ್ವಿ. ಸ್ವಿಚ್ ಲಾಕ್ ಆಗಿತ್ತು, ಆಫ್ ಮಾಡಿರಲಿಲ್ಲ. ಪ್ಲಗ್ಗೂ ಕೀಳಲಿಲ್ಲ. ಮಷಿನ್ ನಿಂತಿದೆಯಲ್ಲ, ಇನ್ನೇನು ಅಂತ.

ಇವನು ಲೋಟ ಇಟ್ಟು ಬಂದು ಮಷಿನ್ ಪಕ್ಕ ಕೂತ್ಕೊಂಡು ಪ್ಯಾಡಿಗೆ ಅಂಟಿದ್ದ ಪಾಲಿಶನ್ನ ಬೆರಳಲ್ಲಿ ಕೆರೀತಾ ಇದ್ದ. ಅಷ್ಟರಲ್ಲಿ ಕರೆಂಟ್ ಬಂತು. ಮುಂದಿನದ್ದು ಹೇಳೋಕೆ ಒಂದು ಸೆಕೆಂಡೂ ಬೇಡ. ಕೈಗೆ ಕಟ್ಟಿದ್ದ ದೇವಸ್ಥಾನದ ದಾರ ಪ್ಯಾಡಿನ ಹಿಂದೆ ಸಿಕ್ಕಿ ಸುತ್ಕೊಂಡು, ಕೈಯನ್ನ ಮಷಿನ್ ಒಳಕ್ಕೆ ಎಳೀತು. ಗಾರ್ಡ್ ಇರಲಿಲ್ಲ. ಅದನ್ನ ಬಿಚ್ಚಿದ್ದು ಯಾರು? ನಾನೇ. ಪ್ಯಾಡ್ ಗಾರ್ಡಿಗೆ ತಗುಲುತ್ತೆ, ವಿಡಿಯೋದಲ್ಲೂ ಚೆನ್ನಾಗಿ ಕಾಣಲ್ಲ ಅಂತ.

ಹೆಬ್ಬೆರಳಿನ ಬುಡದಲ್ಲಿ ಆರು ಹೊಲಿಗೆ. ಈಗಲೂ ಆ ಬೆರಳು ಪೂರ್ತಿ ಮಡಚಲ್ಲ. ಪೆನ್ ಹಿಡಿಯೋದು ಹೇಗೆ ಅಂತ ಹೊಸದಾಗಿ ಕಲ್ತಿದಾನೆ.

(2)

ಈಗ ನನ್ನ ವಾದ. "ಹುಷಾರಾಗಿ ಮಾಡ್ರಪ್ಪಾ" ಅಂತ ಬುದ್ಧಿ ಹೇಳಿ ಕೈ ತೊಳ್ಕೊಳ್ಳೋಕೆ ನಾನು ಬಂದಿಲ್ಲ. ನಾವು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹುಡುಗರು ಪಾಲಿಶಿಂಗ್ ಮಷಿನ್ ಅಂತ ಬಾಡಿಗೆಗೆ ತರ್ತೀವಲ್ಲ, ಅದು ಪಾಲಿಶಿಂಗ್ ಮಷಿನ್ನೇ ಅಲ್ಲ ಅಂತ ಹೇಳೋಕೆ ಬಂದಿದೀನಿ.

ಅದು ನಾಲ್ಕಿಂಚಿನ ಗ್ರೈಂಡಿಂಗ್ ಮಷಿನ್. (ಮನೇಲಿ ಗ್ರೈಂಡರ್ ಅಂದ್ರೆ ದೋಸೆ ಹಿಟ್ಟು ಅನ್ಕೋತಾರೆ, ನಮ್ಮಮ್ಮನೂ ಹಾಗೇ ಅಂದ್ಕೊಂಡು "ತೊಳೆದು ತಗೊಂಡ್ಹೋಗು" ಅಂದಿದ್ರು.) ಕಬ್ಬಿಣ ಕುಯ್ಯೋಕೆ, ವೆಲ್ಡಿಂಗ್ ಉಜ್ಜೋಕೆ ಮಾಡಿರೋದು. ಮೈಮೇಲಿನ ಪ್ಲೇಟ್ ಓದಿ. ಸಾಮಾನ್ಯವಾಗಿ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ಇರುತ್ತೆ. ನಿಜವಾದ ಪಾಲಿಶರ್ ಮೇಲೆ ಬರೆದಿರೋದು ಸುಮಾರು 600ರಿಂದ 3,000. ಅದರಲ್ಲಿ ವೇಗ ಹೆಚ್ಚು ಕಡಿಮೆ ಮಾಡೋಕೆ ಒಂದು ಚಕ್ರವೂ ಇರುತ್ತೆ.

ಲೆಕ್ಕ ಬಿಡಿಸಿ ನೋಡಿ, ಎಸ್ಸೆಸ್ಸೆಲ್ಸಿ ಲೆಕ್ಕ. ನಾಲ್ಕಿಂಚು ಅಂದ್ರೆ 100 ಮಿಲಿಮೀಟರ್ ವ್ಯಾಸ. ಒಂದು ಸುತ್ತಿಗೆ ಅಂಚು ಓಡೋದು ಸುಮಾರು 31 ಸೆಂಟಿಮೀಟರ್. ಅದನ್ನ 11,000ದಿಂದ ಗುಣಿಸಿ, 60ರಿಂದ ಭಾಗಿಸಿ. ಗಂಟೆಗೆ 200 ಕಿಲೋಮೀಟರ್ ದಾಟುತ್ತೆ! ಏಳಿಂಚಿನ ಪಾಲಿಶರ್ ದೊಡ್ಡದಾಗಿದ್ರೂ 1,500 ಸುತ್ತಲ್ಲಿ ಅದರ ಅಂಚು ಓಡೋದು ಗಂಟೆಗೆ 50 ಕಿಲೋಮೀಟರ್ ಹತ್ರ. ಒಂದು ನಮ್ಮ ಕೆಂಪು ಬಸ್ಸಿನ ಸ್ಪೀಡು, ಇನ್ನೊಂದು ವಿಮಾನ ಮೇಲೇಳೋ ಹೊತ್ತಿನ ಸ್ಪೀಡಿಗೆ ಹತ್ತಿರದ್ದು. ಆ ಸ್ಪೀಡಲ್ಲಿ ಓಡೋ ಉಣ್ಣೆನ ಕೈಲಿ ಹಿಡ್ಕೊಂಡು ನಾವು ರೀಲ್ ಮಾಡ್ತಿದ್ವಿ.

ಪ್ಯಾಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಎಷ್ಟು ಸುತ್ತಿನವರೆಗೆ ತಡಿಯುತ್ತೆ ಅಂತ ಬರೆದಿರುತ್ತೆ. ಮಷಿನ್ ಮೇಲಿನ ನಂಬರ್ ಅದಕ್ಕಿಂತ ಜಾಸ್ತಿ ಇದ್ರೆ ಆ ಜೋಡಿ ಬೇಡ. ಪ್ಯಾಡ್ ಮೇಲೆ ನಂಬರೇ ಇಲ್ವಾ? ಆಗಲೂ ಬೇಡ. ಹರಿದು ಹಾರಿದ್ರೆ ಅದು ಬರೋದು ನಿಮ್ಮ ಕಣ್ಣಿನ ಮಟ್ಟಕ್ಕೇ, ಬಗ್ಗಿ ನೋಡ್ತಾ ಇರ್ತೀವಲ್ಲ.

ಇನ್ನೊಂದು ತಮಾಷೆ ಅಂದ್ರೆ ಈ ಸ್ಪೀಡಲ್ಲಿ ಪಾಲಿಶೂ ಸರಿಯಾಗಿ ಆಗಲ್ಲ. ಬಿಸಿ ಏರಿ ಟ್ಯಾಂಕಿನ ಏಣಿರೋ ಕಡೆ ಪೇಂಟ್ ಸುಡುತ್ತೆ. ನಮ್ಮ ರೀಲಿನ ಬೈಕಲ್ಲೂ ಪೆಟ್ರೋಲ್ ಮುಚ್ಚಳದ ಪಕ್ಕ ಪ್ರೈಮರ್ ಕಾಣ್ತಿತ್ತು. ಆ ಆಂಗಲ್‌ನಿಂದ ನಾನು ತೆಗೀಲಿಲ್ಲ ಅಷ್ಟೇ.

(3)

"ನೀನು ಹೇಳೋದೆಲ್ಲ ಸರಿ, ಪಾಲಿಶರ್ ಕೊಳ್ಳೋಕೆ ದುಡ್ಡು ನಿಮ್ಮಪ್ಪ ಕೊಡ್ತಾರಾ?" ಅಂತ ಬರುತ್ತೆ, ಗೊತ್ತು. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ದಸರಾ ಬರೋದೂ ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದಲ್ಲಿ ಹೊಗೆಸೊಪ್ಪಿನ ಹರಾಜಿನ ಮಾತು ಶುರುವಾಗೋದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಕೈಗೆ ದುಡ್ಡು ಬಂದಿರಲ್ಲ, ಬರೋ ಆಸೆ ಮಾತ್ರ ಬಂದಿರುತ್ತೆ. ಯಾರೂ ಬೈಕ್ ಹೊಳಿಸೋಕೆ ಅಂತ ಮಷಿನ್ ಕೊಳ್ಳಲ್ಲ.

ಆದ್ರೆ ಬಾಡಿಗೆಗೆ ಕೇಳೋವಾಗ "ಪಾಲಿಶಿಂಗ್‌ಗೆ ಒಂದು ಮಷಿನ್ ಕೊಡಿ ಅಣ್ಣಾ" ಅನ್ನೋ ಬದಲು "ಸ್ಪೀಡ್ ಕಡಿಮೆ ಮಾಡೋಕೆ ಬರೋ ಪಾಲಿಶರ್ ಇದೆಯಾ ಅಣ್ಣಾ" ಅಂತ ಕೇಳೋಕೆ ದುಡ್ಡು ಬೇಕಾಗಿಲ್ಲ. ಸೈಡ್ ಹ್ಯಾಂಡಲ್ ಕೊಡಿ ಅನ್ನೋಕೂ ಬೇಕಾಗಿಲ್ಲ. ಹ್ಯಾಂಡಲ್ ಎಲ್ಲೋ ಮೂಲೇಲಿ ಬಿದ್ದಿರುತ್ತೆ, ಕೇಳಿದ್ರೆ ಹುಡುಕಿ ಕೊಡ್ತಾರೆ. ನಾವು ಕೇಳಲ್ಲ, ಕೇಳಿದ್ರೆ ಗೊತ್ತಿಲ್ಲದವನು ಅನ್ಕೋತಾರೆ ಅಂತ ನಾಚಿಕೆ. ಬಾಡಿಗೆಗೆ ಕೊಡೋರ ಮೇಲೂ ನನಗೆ ಸಿಟ್ಟಿದೆ. ಹದಿನೇಳು ವರ್ಷದ ಹುಡುಗ ಬಂದು ಕೇಳಿದಾಗ ಕಟಿಂಗ್ ಮಷಿನ್‌ಗೆ ಪ್ಯಾಡ್ ತಿರುಗಿಸಿ ಕೈಗಿಟ್ಟು ಕಳಿಸೋದು ಸರಿಯಲ್ಲ.

ಪಾಲಿಶರ್ ಸಿಗಲಿಲ್ವಾ? ಕೈಯಲ್ಲಿ ಉಜ್ಜಿ. ಹತ್ತಿ ಬಟ್ಟೆ, ರಬ್ಬಿಂಗ್ ಕಾಂಪೌಂಡು, ಒಂದು ಮಧ್ಯಾಹ್ನ. ಟ್ಯಾಂಕು ಹೊಳೆಯುತ್ತೆ, ಏಣೂ ಉಳಿಯುತ್ತೆ.

(4)

ಮಷಿನ್ ಹಿಡಿಯೋದೇ ಅಂತಾದ್ರೆ ಹಿಡೀರಿ, ನಾನೇನು ತಡೆಯಲ್ಲ. ಹುಣಸೂರಲ್ಲಿ ಮರದ ಕೆಲಸ ಮಾಡೋ ಒಬ್ಬ ಹಿರಿಯರ ಹತ್ರ ಈ ವರ್ಷ ರಜೇಲಿ ಹೋಗಿ ಕೂತಿದ್ದೆ, ಅವರು ತೋರಿಸಿಕೊಟ್ಟದ್ದನ್ನ ಹಾಗೇ ಬರೀತೀನಿ.

ಮೊದಲು ಮೈಮೇಲಿನದೆಲ್ಲ ಬಿಚ್ಚಿಸಿದ್ರು. ಕೈದಾರ, ಬಳೆ, ಕತ್ತಿನ ಸರ, ಹೆಗಲ ಟವಲ್ಲು. ಹುಡುಗೀರು ವೇಲ್ ತೆಗೆದಿಟ್ಟು ಜಡೆ ಮೇಲಕ್ಕೆ ಕಟ್ಟಬೇಕು. ಲುಂಗಿ ಬೇಡ, ಪ್ಯಾಂಟು. ದಾರ ಬಿಚ್ಚಿದ್ರೆ ದೇವರು ಮುನಿಯಲ್ವಾ ಅಂತ ನಾನು ಕೇಳಿದೆ. ಆಯುಧಪೂಜೆ ಮಾಡೋದೇ ಆಯುಧಕ್ಕೆ ಮರ್ಯಾದೆ ಕೊಡೋಕಲ್ವೇನಪ್ಪಾ ಅಂದ್ರು. ಗ್ಲೌಸ್ ವಿಷಯದಲ್ಲಿ ನಾನು ಅಂದ್ಕೊಂಡಿದ್ದು ಉಲ್ಟಾ ಇತ್ತು. ದೊಗಳೆ ಬಟ್ಟೆ ಗ್ಲೌಸ್ ಇದ್ರೆ ಬರಿಗೈಗಿಂತ ಕೆಟ್ಟದ್ದು, ದಾರದ ಥರಾನೇ ಸುತ್ಕೊಳ್ಳುತ್ತೆ. ಹಾಕಿದ್ರೆ ಕೈಗೆ ಅಂಟಿ ಕೂರೋದು ಹಾಕ್ಬೇಕು. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಮಾತ್ರ ತಪ್ಪಿಸೋ ಹಾಗೇ ಇಲ್ಲ. ಎರಡು ಪ್ಲೇಟ್ ಗೋಬಿ ದುಡ್ಡಷ್ಟೇ.

ಆಮೇಲೆ ಕೆಲಸ. ಪಾಲಿಶನ್ನ ಮೊದಲು ಮೇಲ್ಮೈಗೆ ಹಚ್ಚಿ, ಪ್ಯಾಡನ್ನ ಅದರ ಮೇಲಿಟ್ಟು, ಕಡಿಮೆ ಸ್ಪೀಡಲ್ಲಿ ಆನ್ ಮಾಡೋದು. ಗಾಳೀಲಿ ಆನ್ ಮಾಡಿ ಆಮೇಲೆ ತಗುಲಿಸಿದ್ರೆ ಪಾಲಿಶ್ ಮುಖಕ್ಕೆ ಹಾರುತ್ತೆ, ಮಷಿನ್ ಒದೀತದೆ. ಅಂಚಿನ ಹತ್ರ ಬಂದಾಗ ಪ್ಯಾಡು ಅಂಚಿಂದ ಆಚೆಗೆ ತಿರುಗ್ತಾ ಇರಬೇಕು, ಅಂಚಿಗೆ ಎದುರಾಗಿ ಬಂದು ಗುದ್ದಬಾರದು. ಮಡ್‌ಗಾರ್ಡು, ನಂಬರ್ ಪ್ಲೇಟು, ಸ್ಪೋಕ್ಸ್ ಇರೋ ಕಡೆ ಮಷಿನ್ನೇ ಬೇಡ. ಚೈನು ಕ್ಲೀನ್ ಮಾಡೋಕೆ ಇಂಜಿನ್ ಆನ್ ಮಾಡಿ ಗೇರ್ ಹಾಕಿ ಬಟ್ಟೆ ಹಿಡಿಯೋರು ನಮ್ಮಲ್ಲೇ ಇಬ್ಬರು ಇದೀರಾ, ನಿಮಗೆ ನಾನು ಬೇರೆಯಾಗಿ ಬೈಯ್ತೀನಿ.

ಕರೆಂಟ್ ಹೋದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಸ್ವಿಚ್ ಆಫ್, ಎರಡನೇದು ಪ್ಲಗ್ ಕೀಳೋದು. ಕಾಫಿ ಆಮೇಲೆ. ಪ್ಯಾಡ್ ಮುಟ್ಟೋಕೆ ಮುಂಚೆಯೂ ಪ್ಲಗ್ ಕೈಯಲ್ಲಿರಬೇಕು, ಕಣ್ಣಿಗೆ ಕಾಣಬೇಕು ಅಂತಾರೆ ಅವರು.

(5)

ಕರೆಂಟ್ ವಿಷಯ ಸ್ವಲ್ಪ ಉದ್ದ ಬರೀತೀನಿ, ಇದು ಬೈಕಿಗಿಂತ ಮನೆ ಪಾಲಿಶ್ ಮಾಡೋರಿಗೆ ಜಾಸ್ತಿ ಬೇಕು.

"ನಮ್ಮನೇಲಿ ಎಂಸಿಬಿ ಇದೆ, ಏನೂ ಆಗಲ್ಲ" ಅಂತ ಎಷ್ಟು ಜನ ಅಂದಿದೀರ! ಎಂಸಿಬಿ ಇರೋದು ವೈರ್ ಸುಡದ ಹಾಗೆ ಕಾಯೋಕೆ. 16 ಆಂಪಿಯರ್ ಎಂಸಿಬಿ ಬೀಳಬೇಕಾದ್ರೆ ಅದಕ್ಕಿಂತ ಜಾಸ್ತಿ ಕರೆಂಟ್ ಹರೀಬೇಕು. ಮನುಷ್ಯ ಸಾಯೋಕೆ ಅದರಲ್ಲಿ ನೂರನೇ ಒಂದು ಭಾಗವೂ ಬೇಡ. ನಮ್ಮನ್ನ ಕಾಯೋದು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಅಂತ ಬರೆದಿರುತ್ತೆ, ಪಕ್ಕದಲ್ಲಿ "ಟಿ" ಅನ್ನೋ ಸಣ್ಣ ಬಟನ್ ಇರುತ್ತೆ. ಒತ್ತಿದ್ರೆ ಟಪ್ ಅಂತ ಬೀಳಬೇಕು. ಬೀಳಲಿಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಬರೋವರೆಗೆ ಮಷಿನ್ ಮುಟ್ಟಬೇಡಿ. ಹಳೇ ಮನೆಗಳಲ್ಲಿ ಅದು ಇರೋದೇ ಇಲ್ಲ, ಅರ್ಥಿಂಗ್ ಗುಂಡೀಗೆ ನೀರು ಹಾಕಿ ಯಾವ ಕಾಲವಾಯ್ತೋ.

ನೆಲ ಪಾಲಿಶ್ ಮಾಡೋ ದೊಡ್ಡ ಮಷಿನ್ ಗೊತ್ತಲ್ಲ, ಕಬ್ಬಿಣದ ಮೈಯದ್ದು, ನೀರು ಹಾಕ್ಕೊಂಡು ಓಡಿಸೋದು. ಒದ್ದೆ ನೆಲ, ಬರಿಗಾಲು, ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸು, ಅರ್ಥ್ ಪಿನ್ ಮುರಿದ ಪ್ಲಗ್ಗು. ಈ ನಾಲ್ಕೂ ಒಂದೇ ಕಡೆ ಸೇರಿದ್ದನ್ನ ನಾನು ಎರಡು ಗೃಹಪ್ರವೇಶದ ಮನೇಲಿ ನೋಡಿದೀನಿ. ಎಚ್.ಡಿ. ಕೋಟೆ ಕಡೆ ರೆಸಾರ್ಟಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗಿರೋ ನಮ್ಮ ಫ್ರೆಂಡ್ಸು ಒಂದೇ ಡಿಸ್ಕಿನ ಮಷಿನ್ ಓಡಿಸೋದು ಕಲ್ತಿದಾರೆ. ಹ್ಯಾಂಡಲ್ ಸ್ವಲ್ಪ ಎತ್ತಿದ್ರೆ ಒಂದು ಕಡೆ ಜಾರುತ್ತೆ, ಸ್ವಲ್ಪ ಇಳಿಸಿದ್ರೆ ಇನ್ನೊಂದು ಕಡೆ. ಗೊತ್ತಿಲ್ಲದೆ ಬಿಗಿಯಾಗಿ ಹಿಡಿದವರನ್ನ ಗೋಡೆಗೆ ಎಳ್ಕೊಂಡು ಹೋಗುತ್ತೆ. ಮನೇಲಿ ಅಜ್ಜಿ ಕಾಲದ ರೆಡ್ ಆಕ್ಸೈಡ್ ನೆಲ ಇದ್ರಂತೂ ಕಲ್ಲು ಹಾಕಿದ ಮಷಿನ್ ಬಿಡಲೇಬೇಡಿ. ಕೆಂಪಿರೋದು ಮೇಲಿನ ತೆಳು ಪದರ ಮಾತ್ರ, ಹೋದ್ರೆ ಕೆಳಗೆ ಬೂದು ಸಿಮೆಂಟು. ಬಟ್ಟೆ, ಮೇಣ, ಮೊಣಕಾಲು. ಅಜ್ಜಿ ಅಷ್ಟರಲ್ಲೇ ಹೊಳಿಸಿದ್ರು.

ಮರದ ಬಾಗಿಲು, ಮಂಚ ಪಾಲಿಶ್ ಮಾಡೋರಿಗೆ ಇನ್ನೆರಡು ಮಾತು. ಥಿನ್ನರ್, ಸ್ಪಿರಿಟ್ ಹಚ್ಚಿದ ರೂಮಲ್ಲಿ ಮಷಿನ್ ಆನ್ ಮಾಡ್ಬೇಡಿ. ಮಷಿನ್ ಹಿಂಬದಿ ಕಿಂಡೀಲಿ ನೀಲಿ ಕಿಡಿ ಕಾಣುತ್ತಲ್ಲ, ಕಾರ್ಬನ್ ಬ್ರಷ್‌ದು, ಆ ಆವಿಗೆ ಅಷ್ಟು ಸಾಕು. ಇನ್ನು ಅಗಸೆ ಎಣ್ಣೆ ಒರೆಸಿದ ಬಟ್ಟೇನ ಉಂಡೆ ಮಾಡಿ ಮೂಲೆಗೆ ಎಸೀಬೇಡಿ. ಆ ಎಣ್ಣೆ ಒಣಗೋವಾಗ ತಾನೇ ಬಿಸಿಯಾಗುತ್ತೆ, ಉಂಡೆ ಒಳಗೆ ಬಿಸಿ ಸೇರ್ಕೊಂಡು ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ಅಂಗಳದಲ್ಲಿ ಬಿಡಿಸಿ ಒಣಗಿಸಿ, ಇಲ್ಲಾ ನೀರಿನ ಡಬ್ಬಿಗೆ ಹಾಕಿ. ನಾನು ನಂಬಲಿಲ್ಲ, ಅವರು ನಗ್ತಾ ಒಂದು ಸುಟ್ಟ ಗೋಣಿಚೀಲ ತೋರಿಸಿದ್ರು.

(6)

ಅವತ್ತು ನಾವು ಮಾಡಿದ ಇನ್ನೊಂದು ತಪ್ಪು ಹೇಳ್ಬಿಡ್ತೀನಿ. ಗಾಯಕ್ಕೆ ಚಿಕ್ಕಮ್ಮ ಕಾಫಿ ಪುಡಿ ಒತ್ತಿದ್ರು. ನಾನೂ ಡಬ್ಬ ತಂದುಕೊಟ್ಟೆ. ಆಸ್ಪತ್ರೇಲಿ ಹೊಲಿಗೆಗಿಂತ ಆ ಪುಡಿ ತೊಳೆಯೋಕೇ ಜಾಸ್ತಿ ಹೊತ್ತಾಯ್ತು, ಅವನು ಕಿರುಚಿದ್ದೂ ಆಗಲೇ. ಶುದ್ಧ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ, ಕೈ ಮೇಲೆತ್ತಿ, ಹೊರಡಿ. ಗಾಡಿ ಇಲ್ಲ ಅಂದ್ರೆ 108. ಶಾಕ್ ಹೊಡೆದಿದ್ರೆ ಮೇನ್ ಆಫ್ ಆಗೋವರೆಗೆ ಅವರನ್ನ ಮುಟ್ಟಬೇಡಿ.

ಈ ಸಲ ಬೈಕು ನಾನು ಕೈಯಲ್ಲೇ ಉಜ್ಜಿದೆ. ಅವನು ಎಡಗೈಲಿ ಬಟ್ಟೆ ಹಿಡ್ಕೊಂಡು ಹಿಂದಿನ ಮಡ್‌ಗಾರ್ಡ್ ಮಾಡಿದ. ಹಳೇ ರೀಲು ಯಾರಾದ್ರೂ ಸೇವ್ ಮಾಡ್ಕೊಂಡಿದ್ರೆ, ಬೇರೆಯವರಿಗೆ ಕಳಿಸಿದ್ರೆ, ದಯವಿಟ್ಟು ತೆಗೆದುಬಿಡಿ. ಅವರಿಗೆ ಇದನ್ನ ಕಳಿಸಿ. ಆಯುಧಪೂಜೆಗೆ ಇನ್ನು ಒಂಬತ್ತು ದಿನ ಇದೆ.