ಚಾವಣಿ ಏರುವ ಕೈಗಳ ಅರ್ಹತೆ

ಒಂದು ಕೋಟಿ ಮನೆಗಳ ಚಾವಣಿಗೆ ಸೌರಫಲಕ ತಲುಪಿಸುವ ಪಿಎಂ ಸೂರ್ಯಘರ್ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರಲ್ಲಿ ಅನುಮೋದಿಸಿದ ಮೊತ್ತ 75,021 ಕೋಟಿ ರೂಪಾಯಿ. ಮೂರು ಕಿಲೋವಾಟ್ ಘಟಕಕ್ಕೆ ದೊರೆಯುವ ಸಹಾಯಧನ 78,000 ರೂಪಾಯಿ. ಸಾರ್ವಜನಿಕ ಹಣ ವ್ಯಯವಾಗುವಲ್ಲಿ ಫಲಕ ಎಲ್ಲಿ ತಯಾರಾಗಿರಬೇಕು, ಅದನ್ನು ಅಳವಡಿಸುವ ಸಂಸ್ಥೆ ಎಲ್ಲಿ ನೋಂದಾಯಿಸಿಕೊಂಡಿರಬೇಕು ಎಂಬ ಷರತ್ತುಗಳಿರುವುದು ಯುಕ್ತವೇ. ಆದರೆ ಅದೇ ಫಲಕವನ್ನು ಹೊತ್ತು ಏಣಿ ಹತ್ತುವ ಕಾರ್ಮಿಕನ ಅರ್ಹತೆಯ ಬಗ್ಗೆ ಆ ನಿಷ್ಠುರತೆ ಕಾಣುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಪರವಾನಗಿ ಹೊಂದಿದ ಗುತ್ತಿಗೆದಾರ, ಅರ್ಹತಾಪತ್ರವುಳ್ಳ ಮೇಲ್ವಿಚಾರಕ, ಪರ್ಮಿಟ್ ಪಡೆದ ವೈರ್‌ಮನ್ ಇವರಿಲ್ಲದೆ ವಿದ್ಯುತ್ ಕಾಮಗಾರಿ ನಡೆಯಕೂಡದೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯ ಆಶಯ. ಸೌರ ಕಾಮಗಾರಿಯಲ್ಲಿ ಈ ಸರಪಣಿ ಸಡಿಲವಾಗುವುದು ಒಳಗುತ್ತಿಗೆಯ ಹಂತದಲ್ಲಿ. ಪರವಾನಗಿ ಒಬ್ಬರ ಹೆಸರಿನಲ್ಲಿರುತ್ತದೆ, ತಂತಿ ಜೋಡಿಸುವ ಕೈ ಮತ್ತೊಬ್ಬರದಾಗಿರುತ್ತದೆ. 2015ರಲ್ಲಿ ಆರಂಭವಾದ ಸೂರ್ಯಮಿತ್ರ ತರಬೇತಿ ಕೌಶಲ ಕಲಿಸಿತೇ ಹೊರತು, ಅದರ ಪ್ರಮಾಣಪತ್ರ ಕೆಲಸದ ಪರವಾನಗಿಯಾಗಲಿಲ್ಲ.

ಮನೆಯ ವೈರಿಂಗ್ ಬಲ್ಲವರೆಲ್ಲ ಈ ಕೆಲಸವನ್ನೂ ಬಲ್ಲರೆಂಬ ಭಾವನೆ ಅಪಾಯಕರ. ಬಿಸಿಲಿರುವವರೆಗೆ ಫಲಕ ವಿದ್ಯುತ್ ಉತ್ಪಾದಿಸುತ್ತಲೇ ಇರುತ್ತದೆ. ಮೇನ್ ಸ್ವಿಚ್ ಆರಿಸಿದರೂ ಫಲಕದಿಂದ ಇಳಿಯುವ ತಂತಿಯಲ್ಲಿ ಕೆಲವು ನೂರು ವೋಲ್ಟ್ ಉಳಿದಿರಬಹುದು. ಎಸಿ ಪ್ರವಾಹ ಕ್ಷಣಕ್ಷಣಕ್ಕೂ ಸೊನ್ನೆಗಿಳಿಯುವುದರಿಂದ ಅದರ ಕಿಡಿ ನಂದುವ ಸಂಭವವಿದೆ. ಫಲಕದಿಂದ ಬರುವ ಡಿಸಿ ಪ್ರವಾಹಕ್ಕೆ ಆ ಬಿಡುವಿಲ್ಲ. ಹೊಂದಿಕೆಯಾಗದ ಎರಡು ಕನೆಕ್ಟರ್‌ಗಳ ಸಡಿಲ ಕೂಡಿಕೆಯೊಂದು ವರ್ಷಗಳ ಬಳಿಕ ಬೆಂಕಿಗೆ ಮೂಲವಾಗಬಲ್ಲದು. ಆ ಹೊತ್ತಿಗೆ ಕೂಡಿಸಿದವರು ಯಾರೆಂದು ಹೇಳುವ ದಾಖಲೆಯೇ ಇರದಿದ್ದರೆ, ಇಪ್ಪತ್ತೈದು ವರ್ಷ ಬಾಳುವ ಭರವಸೆಯ ಮೇಲೆ ಸಾಲ ಮಾಡಿದ ಗೃಹಸ್ಥ ನ್ಯಾಯ ಕೇಳುವುದು ಯಾರ ಬಳಿ? ಸೊಂಟಪಟ್ಟಿಯಿಲ್ಲದೆ ಇಳಿಜಾರು ಚಾವಣಿಯಿಂದ ಬಿದ್ದ ದಿನಗೂಲಿ ಯುವಕನ ಕುಟುಂಬಕ್ಕೆ ಉತ್ತರಿಸಬೇಕಾದವರು ಯಾರು?

ಪರವಾನಗಿಯೆಂದರೆ ಮತ್ತೊಂದು ಕಚೇರಿ, ಮತ್ತೊಂದು ಲಂಚವೆಂಬ ಆತಂಕ ನಿರಾಧಾರವಲ್ಲ. ಅನುಭವದಿಂದಲೇ ಕಲಿತ ಕಾರ್ಮಿಕರನ್ನು ಹೊರದಬ್ಬುವ ನಿಯಮ ಅನ್ಯಾಯದ್ದಾಗುತ್ತದೆ. ಆದುದರಿಂದ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯವು ವೈರ್‌ಮನ್ ಪರ್ಮಿಟ್ಟಿನಲ್ಲಿಯೇ ಸೌರ ವಿಭಾಗವೊಂದನ್ನು ರೂಪಿಸಿ, ಕನ್ನಡದಲ್ಲಿ, ಜಿಲ್ಲಾ ಕೇಂದ್ರದಲ್ಲಿ, ಅಲ್ಪ ಶುಲ್ಕದಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಬೇಕು. ಪರೀಕ್ಷೆಗೆ ಬರುವವರ ದಿನಗೂಲಿಯ ನಷ್ಟವನ್ನು ಗುತ್ತಿಗೆದಾರರು ಭರಿಸಬೇಕು. ಕೆಲಸ ಮಾಡಿದವರ ಪರ್ಮಿಟ್ ಸಂಖ್ಯೆ ನಮೂದಾಗದ ಯಾವ ಘಟಕಕ್ಕೂ ಎಸ್ಕಾಂಗಳು ಸಂಪರ್ಕ ನೀಡಬಾರದು, ಸಹಾಯಧನವೂ ಬಿಡುಗಡೆಯಾಗಬಾರದು.