ಪರದೆಯ ಆಟಕ್ಕೆ ಜಾತ್ರೆ ಕೂಡೀತೇ?

ಆಡುವುದು ಒಂದು, ಆಡುವವರನ್ನು ನೋಡುವುದು ಇನ್ನೊಂದು. ಮಗ ಮೊಬೈಲಿನಲ್ಲಿ ಆಡುತ್ತಾನೆಂದು ಗೊಣಗುವ ಕಾಲ ಹಿಂದಾಯಿತು. ಯಾವುದೋ ಊರಿನ ಯಾರೋ ಆಡುವುದನ್ನು ಇವನು ನೋಡುತ್ತ, ಊಟಕ್ಕೆ ಕರೆದರೂ ಏಳದೆ ಕೂತಿರುತ್ತಾನೆಂಬುದು ಈಗಿನ ದೂರು. ನಮ್ಮ ಬಳಗದಲ್ಲಿ ನಾಲ್ಕು ಜನ ತಂದೆತಾಯಿಗಳು ಸೇರಿದಲ್ಲೆಲ್ಲ ಈ ಮಾತು ಬರುತ್ತದೆ. "ಆಡಿದರೆ ಬೆರಳಿಗಾದರೂ ವ್ಯಾಯಾಮವಾದೀತು, ನೋಡಿದರೆ ಏನು ಬಂತು?" ಎಂದು ಕೇಳಿದ ಹಿರಿಯರೂ ಉಂಟು.

ಆದರೆ ಈ ಪ್ರಶ್ನೆಯನ್ನು ಮಕ್ಕಳಿಗಷ್ಟೇ ಹಾಕುವುದು ನ್ಯಾಯವಲ್ಲ. ಕೈಯಲ್ಲಿ ಬ್ಯಾಟು ಹಿಡಿಯದೆಯೇ ದಿನವಿಡೀ ಕ್ರಿಕೆಟ್ ಪಂದ್ಯ ನೋಡಿದವರ ಸಂತಾನ ನಾವು. ಅವರಿಗಿಂತ ಹಿಂದಿನವರು ರೇಡಿಯೋಗೆ ಕಿವಿಯಿಟ್ಟು, ಕಾಣದ ಚೆಂಡನ್ನು ಕಂಡವರು. ನೋಡುವುದೂ ಒಂದು ಸುಖವೇ ಸರಿ. ಆದುದರಿಂದ ಕೇಳಬೇಕಾದದ್ದು ಬೇರೆ. ಈಗ ಇ-ಸ್ಪೋರ್ಟ್ಸ್ ಎಂದು ಕರೆಯುತ್ತಿರುವ ಈ ವಿಡಿಯೋ ಗೇಮ್ ಸ್ಪರ್ಧೆ, ಹುಡುಗರ ಕೋಣೆಯಿಂದ ಹೊರಬಂದು, ಮನೆಮಂದಿಯೆಲ್ಲ ಕೂತು ನೋಡುವ ಆಟ ಆದೀತೇ?

ಜನ ಸೇರುವರೇ ಎಂಬ ಸಂಶಯ ನಮ್ಮ ಹೈದರಾಬಾದಿನಲ್ಲಿ ಇರುವವರಿಗೆ ಬೇಡ. 2024ರ ಜೂನ್ 28ರಿಂದ 30ರವರೆಗೆ ಇಲ್ಲಿಯ ಹೈಟೆಕ್ಸ್ ಪ್ರದರ್ಶನ ಕೇಂದ್ರದಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಸರಣಿಯ ಅಂತಿಮ ಸುತ್ತು ನಡೆಯಿತು. ಮನೆಮಾತಿನಲ್ಲಿ ನಾವು ಇಂದಿಗೂ ಪಬ್ಜಿ ಎನ್ನುವುದು ಈ ಆಟವನ್ನೇ. ಒಟ್ಟು ಬಹುಮಾನ 2 ಕೋಟಿ ರೂಪಾಯಿ. ಗೆದ್ದದ್ದು ಎಕ್ಸ್‌ಸ್ಪಾರ್ಕ್ ಎಂಬ ತಂಡ. ಸ್ವೀಡನ್ ದೇಶದಲ್ಲಿ ಹುಟ್ಟಿದ ಡ್ರೀಮ್‌ಹ್ಯಾಕ್ ಎಂಬ ಆಟದ ಸಂತೆಯೂ 2023ರ ನವೆಂಬರಿನಲ್ಲಿ ಅದೇ ಜಾಗದಲ್ಲಿ ಮೂರು ದಿನ ನೆರೆದಿತ್ತು. ಟಿಕೆಟ್ ಕೊಂಡು, ಮೆಟ್ರೋ ಹತ್ತಿ, ತರುಣ ತರುಣಿಯರು ಹೋಗಿ ನೋಡಿಬರುತ್ತಾರೆ. ಜಾತ್ರೆ ಕೂಡಿದೆ, ಆದರೆ ಅದು ಒಂದೇ ವಯಸ್ಸಿನವರ ಜಾತ್ರೆ.

ಹಿರಿಯರಿಗೆ ಇದು ಏಕೆ ಹಿಡಿಸದೆಂದು ತಿಳಿಯಲು ನಾನು ಅಣ್ಣನ ಮಗನ ಪಕ್ಕದಲ್ಲಿ ಒಂದು ಸಂಜೆ ಕೂತೆ. ಪರದೆಯ ಮೇಲೆ ಎಲ್ಲರೂ ಓಡುವವರೇ. "ಈಗ ಯಾರದು ಸರದಿ?" ಎಂದೆ. "ಸರದಿ ಇರಂಗಿಲ್ಲ ಕಾಕಾ, ಹದಿನಾರು ತಂಡ ಒಮ್ಮೆಗೇ ಇಳೀತಾವ" ಎಂದ. ಆಮೇಲೆ ತಾಳ್ಮೆಯಿಂದ ವಿವರಿಸಿದ. ತಂಡಕ್ಕೆ ನಾಲ್ವರಂತೆ 64 ಮಂದಿ ಒಂದು ನಡುಗಡ್ಡೆಯ ಮೇಲೆ ಇಳಿಯುತ್ತಾರೆ. ಬರಿಗೈಯಲ್ಲಿ ಇಳಿದವರು ಮನೆ ಮನೆ ಹೊಕ್ಕು ಆಯುಧ ಹುಡುಕಬೇಕು. ಸುತ್ತಲೂ ಒಂದು ವೃತ್ತ ಹೊತ್ತುಹೊತ್ತಿಗೆ ಕಿರಿದಾಗುತ್ತ ಬರುತ್ತದೆ. ಅದರ ಹೊರಗೆ ಉಳಿದವರಿಗೆ ಪೆಟ್ಟು. ಕೊನೆಗೆ ಒಂದು ಹೊಲದಷ್ಟು ಜಾಗದಲ್ಲಿ ಉಳಿದವರೆಲ್ಲ ಮುಖಾಮುಖಿ ಆಗಲೇಬೇಕು. ಹೀಗೆ ಹಲವು ಪಂದ್ಯಗಳ ಅಂಕ ಕೂಡಿಸಿ ಗೆದ್ದವರನ್ನು ಎಣಿಸುತ್ತಾರೆ.

ತಿಳಿದ ಮೇಲೆ ಕೊನೆಯ ಐದು ನಿಮಿಷ ನನಗೂ ರುಚಿಸಿತೆಂದು ಹೇಳಲು ಸಂಕೋಚವಿಲ್ಲ. ಆದರೆ ಮೊದಲ ಅರ್ಧ ಹೊತ್ತು ಕಣ್ಣು ಎಲ್ಲಿಡಬೇಕೆಂದೇ ತೋಚಲಿಲ್ಲ. ಕ್ರಿಕೆಟ್ಟಿನಲ್ಲಿ ಎಲ್ಲರ ಕಣ್ಣೂ ಒಂದು ಚೆಂಡಿನ ಮೇಲೆ. ಇಲ್ಲಿ ಹತ್ತು ಕಡೆ ಹತ್ತು ಕಾಳಗ. ಯಾವುದನ್ನು ತೋರಿಸಬೇಕೆಂದು ಆರಿಸಲು ಒಬ್ಬ ಬೇರೆಯೇ ಕೂತಿರುತ್ತಾನೆ. ಅವನು ಒಂದನ್ನು ತೋರಿಸುವಾಗ ಇನ್ನೊಂದು ತಪ್ಪಿಹೋಗುತ್ತದೆ. "ಈ ಎಕ್ಸ್‌ಸ್ಪಾರ್ಕ್ ಯಾವ ಊರಿನ ತಂಡ?" ಎಂದು ಕೇಳಿದೆ. "ಊರು ಯಾಕ ಬೇಕು ಕಾಕಾ? ಆಟಗಾರ ಗೊತ್ತಿದ್ರ ಸಾಕು" ಎಂದು ಹುಡುಗ ನಕ್ಕುಬಿಟ್ಟ. ಈ ಎರಡು ತೊಡಕುಗಳನ್ನು ನೆನಪಿನಲ್ಲಿಡಿ: ಕಣ್ಣಿಗೆ ನೆಲೆಯಿಲ್ಲ, ತಂಡಕ್ಕೆ ಊರಿಲ್ಲ.

ಇವು ಬಿಡಿಸಲಾರದ ಗಂಟುಗಳೇನೂ ಅಲ್ಲ. ಕಬಡ್ಡಿಯನ್ನೇ ನೋಡಿ. ಅದು ನಮ್ಮ ಹಳ್ಳಿಯ ಮಣ್ಣಿನ ಆಟ. 1990ರ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲೇ ಪದಕದ ಆಟವಾಯಿತು. ಆದರೂ ಪಟ್ಟಣದ ಮನೆಗಳಲ್ಲಿ ಟಿ.ವಿ. ಮುಂದೆ ಕೂತು ನೋಡುವ ರೂಢಿ ಹುಟ್ಟಿದ್ದು 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ. ಮಣ್ಣಿನ ಬದಲು ಮ್ಯಾಟು ಬಂತು, ದೀಪಗಳು ಬಂದವು. ಒಂದು ದಾಳಿಗೆ 30 ಸೆಕೆಂಡು ಎಂಬ ಗಡಿಯಾರ ಎಲ್ಲರಿಗೂ ಕಾಣುವಂತೆ ಓಡಿತು. ಸತತ ಎರಡು ದಾಳಿ ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ಹೊರಗೆ ಹೋಗಬೇಕು ಎಂಬ ನಿಯಮದಿಂದ ಆಟ ಜಡವಾಗದಂತಾಯಿತು. ಎಲ್ಲಕ್ಕಿಂತ ಮಿಗಿಲಾಗಿ ತಂಡಕ್ಕೊಂದು ಊರು ಕೊಟ್ಟರು. ನಮ್ಮಂಥ ಮನೆಗಳಲ್ಲಿ ತಂದೆ ಬೆಂಗಳೂರು ಬುಲ್ಸ್ ಕಡೆ, ಇಲ್ಲಿಯೇ ಹುಟ್ಟಿ ಬೆಳೆದ ಮಗಳು ತೆಲುಗು ಟೈಟನ್ಸ್ ಕಡೆ. ಊಟದ ಹೊತ್ತಿಗೆ ರಾಜಿ. ಇಂಥ ಜಗಳವಿದ್ದರೇ ಆಟಕ್ಕೆ ಸಂಸಾರದೊಳಗೆ ಪ್ರವೇಶ.

ಹಾಗಾದರೆ ಆಟ ಚೆನ್ನಾಗಿ ಕಂಡರೆ ಸಾಕೇ? ಸಾಲದೆಂದು ಹೇಳಲು ನಮ್ಮ ಹೈದರಾಬಾದೇ ಸಾಕ್ಷಿ. ಈ ನಗರ ಒಂದು ಕಾಲಕ್ಕೆ ಫುಟ್ಬಾಲಿನ ತವರು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅದನ್ನು ಪಳಗಿಸಿದವರು ಸಯ್ಯದ್ ಅಬ್ದುಲ್ ರಹೀಂ. ಮೂಲತಃ ಶಾಲೆಯ ಮೇಷ್ಟರು. ಅವರ ಕೈಕೆಳಗೆ ಭಾರತ 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ತಂದಿತು. ಮರುವರ್ಷ ರಹೀಂ ಸಾಹೇಬರು ತೀರಿಕೊಂಡರು. ಕ್ರಮೇಣ ಫುಟ್ಬಾಲಿನ ಆ ವೈಭವ ಈ ಊರಿನಲ್ಲಿ ಇಳಿಯಿತು. ಈಚೆಗೆ ಹೈದರಾಬಾದ್ ಎಫ್.ಸಿ. ತಂಡ 2022ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. 2025ರಲ್ಲಿ ಆ ತಂಡವೇ ಊರು ಬಿಟ್ಟು ದೆಹಲಿಗೆ ಹೋಯಿತು, ಹೆಸರೂ ಬದಲಾಯಿತು. ಫುಟ್ಬಾಲಿನ ನಿಯಮ ಬದಲಾಗಿರಲಿಲ್ಲ, ಚೆಂಡು ಗುಂಡಗೇ ಇತ್ತು. ಇಲ್ಲವಾದದ್ದು ದಿನನಿತ್ಯ ಅದನ್ನು ಸಾಕುವ ಕೈ.

ಈಗ ಕೊರಿಯದ ಕಡೆ ತಿರುಗೋಣ. ಅಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 1997ರ ಹಣಕಾಸಿನ ಮುಗ್ಗಟ್ಟಿನ ಬಳಿಕ ಗಲ್ಲಿಗಲ್ಲಿಯಲ್ಲಿ ಎದ್ದ ಕಂಪ್ಯೂಟರ್ ಕೋಣೆಗಳಲ್ಲಿ ತರುಣರು ಸ್ಟಾರ್‌ಕ್ರಾಫ್ಟ್ ಎಂಬ ಆಟಕ್ಕೆ ಮುಗಿಬಿದ್ದರು. 2000ದಲ್ಲಿ ಆಟಗಳಿಗೆಂದೇ ಒಂದು ಟಿ.ವಿ. ವಾಹಿನಿ ತೊಡಗಿತು, ಅದೇ ವರ್ಷ ಆಟಗಾರರನ್ನೂ ತಂಡಗಳನ್ನೂ ನಿಯಮಕ್ಕೆ ತರಲು ಒಂದು ಸಂಘ ಹುಟ್ಟಿತು. ಆಟಗಾರರಿಗೆ ಸಂಬಳ ಬಂತು. 2004ರಲ್ಲಿ ಬೂಸಾನ್ ನಗರದ ಗ್ವಾಂಗಲ್ಲಿ ಕಡಲತೀರದ ಅಂತಿಮ ಪಂದ್ಯಕ್ಕೆ ಲಕ್ಷ ಜನ ಸೇರಿದ್ದರೆಂದು ವರದಿಯಾಯಿತು. 2010ರಲ್ಲಿ ಹಣಕ್ಕೆ ಪಂದ್ಯ ಮಾರಿಕೊಂಡ ಆಟಗಾರರು ಸಿಕ್ಕಿಬಿದ್ದಾಗ ಸಂಘ ಅವರಿಗೆ ಆಜೀವ ನಿಷೇಧ ಹಾಕಿತು. ಸ್ಟಾರ್‌ಕ್ರಾಫ್ಟಿನ ಭರ ಇಳಿಯಿತು. ಆದರೆ ನೋಡುವ ರೂಢಿ ಅಳಿಯಲಿಲ್ಲ. 2014ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಎಂಬ ಬೇರೊಂದು ಆಟದ ಜಾಗತಿಕ ಅಂತಿಮ ಪಂದ್ಯಕ್ಕೆ ಸೋಲ್ ನಗರದ ವಿಶ್ವಕಪ್ ಫುಟ್ಬಾಲ್ ಕ್ರೀಡಾಂಗಣದಲ್ಲಿ ಸುಮಾರು 40,000 ಜನ ಕೂತು ನೋಡಿದರು.

ಎರಡನ್ನೂ ಎದುರುಬದುರು ಇಟ್ಟರೆ ಮಾತು ಸ್ಪಷ್ಟವಾಗುತ್ತದೆ. ಹೈದರಾಬಾದಿನಲ್ಲಿ ಆಟ ಉಳಿದರೂ ವ್ಯವಸ್ಥೆ ಕುಸಿದು ಪ್ರೇಕ್ಷಕರು ಚದುರಿದರು. ಕೊರಿಯದಲ್ಲಿ ಒಂದು ಆಟ ಮಂಕಾದರೂ ವ್ಯವಸ್ಥೆ ಉಳಿದು ಪ್ರೇಕ್ಷಕರು ನಿಂತರು. ಪ್ರೇಕ್ಷಕರನ್ನು ಹಿಡಿದಿಡುವುದು ಆಟವಲ್ಲ. ಆಟದ ಸುತ್ತ ಕಟ್ಟಿದ ಮನೆ.

ಆ ಮನೆ ನಮ್ಮ ದೇಶದಲ್ಲಿ ಎಷ್ಟು ಎದ್ದಿದೆ? ಮೂಲ ಪಬ್ಜಿಯನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಕೊರಿಯದ ಕಂಪನಿ ಅದನ್ನೇ ಹೊಸ ಹೆಸರಿನಲ್ಲಿ 2021ರ ಜುಲೈನಲ್ಲಿ ತಂದಿತು. 2022ರ ಬೇಸಿಗೆ ಕಳೆದ ಮೇಲೆ ಇದರ ಪಂದ್ಯಾವಳಿಯೊಂದು ಮೊದಲ ಬಾರಿಗೆ ಸ್ಟಾರ್ ಸ್ಪೋರ್ಟ್ಸ್ ವಾಹಿನಿಯಲ್ಲಿ ಬಂತು. ಅದು ಮುಗಿದು ಎರಡು ವಾರ ತುಂಬುವ ಮುನ್ನವೇ, ಜುಲೈ 28ರಂದು, ಆಟ ಅಂಗಡಿಯಿಂದ ಮಾಯ! ಮರಳಿ ಬಂದದ್ದು 2023ರ ಮೇ ತಿಂಗಳಲ್ಲಿ. ಹತ್ತು ತಿಂಗಳು ಆಟಗಾರನಿದ್ದ, ನೋಡುವವನಿದ್ದ, ಆಟವೇ ಇರಲಿಲ್ಲ. ಕಬಡ್ಡಿಯನ್ನು ಯಾರಾದರೂ ಹೀಗೆ ಬೀಗ ಹಾಕಿ ಇಡಬಲ್ಲರೇ? ಕಬಡ್ಡಿಗೆ ಒಡೆಯನಿಲ್ಲ. ಪರದೆಯ ಆಟಕ್ಕೆ ಒಡೆಯನುಂಟು. ನಿಯಮ ಅವನದು, ಮೈದಾನವೂ ಅವನದು. ಇದು ಮೂರನೆಯ ತೊಡಕು, ಎಲ್ಲಕ್ಕಿಂತ ದೊಡ್ಡದು.

ಕಡತಗಳ ನಡುವೆ ಬದುಕುವ ಗುಮಾಸ್ತನಿಗೆ ಒಂದು ಸಂಗತಿ ಸಮಾಧಾನ ತಂದಿದೆ. ಯಾವ ಇಲಾಖೆಯ ಕಡತವೆಂದು ಗೊತ್ತಾಗದೆ ಸರಕಾರದಲ್ಲಿ ಯಾವ ಕೆಲಸವೂ ಸಾಗದಷ್ಟೆ? 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸನ್ನು ಕೇಂದ್ರದ ಕ್ರೀಡಾ ಇಲಾಖೆಗೆ ಒಪ್ಪಿಸಿದರು. 2018ರ ಜಕಾರ್ತದಲ್ಲಿ ಬರಿಯ ಪ್ರದರ್ಶನವಾಗಿದ್ದ ಇದು 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಪದಕದ ಸ್ಪರ್ಧೆಯಾಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರ್ಪಡಿಸಿ ಮಾನ್ಯ ಮಾಡಿತು. ಜೂಜಿಗೂ ಆಟಕ್ಕೂ ನಡುವೆ ಗೆರೆ ಎಳೆದದ್ದು ಸಂಸಾರಸ್ಥರಿಗೆ ದೊಡ್ಡ ಉಪಕಾರ. ಪಂತದ ಆನ್‌ಲೈನ್ ರಮ್ಮಿಯನ್ನು ತೆಲಂಗಾಣ 2017ರಲ್ಲೇ ತಡೆದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಒಡೆಯನಿಲ್ಲದ ಆಟವೊಂದು ಪರದೆಯ ಮೇಲೆ ಬಂದರೆ ಹೇಗಿರುತ್ತದೆಂಬುದಕ್ಕೆ ಚದುರಂಗ ಉದಾಹರಣೆ. 2025ರಲ್ಲಿ ರಿಯಾದಿನ ಇ-ಸ್ಪೋರ್ಟ್ಸ್ ವಿಶ್ವಕಪ್ಪಿನಲ್ಲಿ ಚದುರಂಗವನ್ನೂ ಸೇರಿಸಿದರು. ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದರು. ನಮ್ಮ ಪಕ್ಕದ ವರಂಗಲ್ಲಿನ ಅರ್ಜುನ್ ಎರಿಗೈಸಿ ನಾಲ್ಕನೆಯವರಾದರು. ಅಜ್ಜನಿಗೂ ಮೊಮ್ಮಗನಿಗೂ ಕುದುರೆಯ ನಡೆ ಗೊತ್ತು. ಹುಡುಗ ನಮ್ಮ ಕಡೆಯವನು. ಅಲ್ಲಿಗೆ ಕಣ್ಣಿಗೆ ನೆಲೆ ಸಿಕ್ಕಿತು, ಆಟಗಾರನಿಗೆ ಊರೂ ಸಿಕ್ಕಿತು.

ಆದುದರಿಂದ ನನ್ನ ಎಣಿಕೆ ಇದು. ಪರದೆಯ ಆಟ ಪ್ರೇಕ್ಷಕರ ಆಟ ಆಗಿಯೇ ಆಗಿದೆ, ಆದರೆ ಸಿನಿಮಾದಂತೆ: ಇಂದು ಒಂದು, ನಾಳೆ ಇನ್ನೊಂದು. ಕ್ರಿಕೆಟ್ಟಿನಂತೆ ತಂದೆಯಿಂದ ಮಗನಿಗೆ ಇಳಿಯಬೇಕಾದರೆ ಕಂಪನಿಯ ಕೈಯೊಂದರಲ್ಲೇ ಅದು ಇರಕೂಡದು. ಊರಿನ ತಂಡ, ಹೊಣೆಯರಿತ ಸಂಘ, ತಪ್ಪದ ವರ್ಷಕ್ರಮ ಬೇಕು.

ಮಗನೋ ಮಗಳೋ "ಇದೇ ನನ್ನ ಕಸುಬು" ಎಂದರೆ ತಂದೆತಾಯಿಗಳು ಬೈಯುವ ಮೊದಲು ಲೆಕ್ಕ ಹೇಳಲಿ. ಈ ಆಟಕ್ಕೆ ನೋಂದಾಯಿಸಿಕೊಂಡವರು 10 ಕೋಟಿ ದಾಟಿದರೆಂದು 2022ರಲ್ಲೇ ಕಂಪನಿ ಹೇಳಿತ್ತು. ಕೊನೆಯ ವೇದಿಕೆ ಏರುವವರು 64. ಡಿಗ್ರಿ ಮುಗಿಸಿ ಆಡಲಿ. ಹಣ ಕಟ್ಟೆಂದ ಕಡೆ ಕಾಲಿಡದಿರಲಿ. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯೆಂಬ ಮಿತಿಯನ್ನು ಕಂಪನಿಯೇ ಹಾಕಿರುವಾಗ ಮನೆಯವರು ಅದಕ್ಕಿಂತ ಕಡಮೆ ಹಾಕಿದರೆ ತಪ್ಪೇನು?

ಕಡೆಗೆ ನಮ್ಮ ಸಂಘದವರಲ್ಲಿ ಒಂದು ಅರಿಕೆ. ಬರುವ ರಾಜ್ಯೋತ್ಸವದಲ್ಲಿ ಅಂತ್ಯಾಕ್ಷರಿಯ ಜೊತೆಗೆ ಒಂದು ಗಂಟೆ ಈ ಮಕ್ಕಳಿಗೂ ಕೊಡಿ. ಗೋಡೆಯ ಮೇಲೆ ಪರದೆ ಕಟ್ಟಿ. ಅವರು ಆಡಲಿ, ನಾವು ನೋಡೋಣ. ಷರತ್ತು ಒಂದೇ: ಆಟದ ವಿವರಣೆಯನ್ನು ಮಕ್ಕಳೇ ಕನ್ನಡದಲ್ಲಿ ಹೇಳಬೇಕು. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಓದುವ ನಮ್ಮ ಹುಡುಗರು ಓಟ, ಹೊಂಚು, ಪೆಟ್ಟು, ಗೆಲುವುಗಳಿಗೆ ಕನ್ನಡದ ಮಾತು ಹುಡುಕುವುದನ್ನು ಕೇಳಬೇಕೆಂದು ನನಗೆ ಆಸೆ. ಅಂದು ಮುಂದಿನ ಸಾಲಿನಲ್ಲಿ ಅಜ್ಜಿಯರೂ ಕೂತಿರಲಿ.